ಇನ್‌ಸ್ಟಾ, ವಾಟ್ಸಾಪ್, ಮ್ಯಾಪ್: ನಿಮ್ಮ ಅಂಗಡಿಗೆ ಯಾವುದು ಸಾಕು?

ಹೋದ ವರ್ಷ ನವೆಂಬರ್‌ನಲ್ಲಿ ನಮ್ಮ ಕಾಫಿ ಪುಡಿ ಅಂಗಡಿಯ ಒಂದು ರೀಲ್ ಓಡಿಬಿಟ್ಟಿತು. ಹುರಿದ ಬೀಜ ಡ್ರಮ್ಮಿನಿಂದ ತಟ್ಟೆಗೆ ಸುರಿಯುವ ಹದಿನೈದು ಸೆಕೆಂಡಿನ ವಿಡಿಯೋ, ಅಷ್ಟೇ. ಸ್ವಲ್ಪ ಹೊಗೆ, ಚಟಪಟ ಸದ್ದು, ಹಿಂದೆ ಕಿಟಕಿಯಲ್ಲಿ ಚಿಕ್ಕಮಗಳೂರಿನ ಮಂಜು. ನಾಲ್ಕು ದಿನದಲ್ಲಿ ಎರಡು ಲಕ್ಷ ಸಲ ನೋಡಿದ್ದಾರೆ ಅಂತ ತೋರಿಸಿತು. ಮನೆಯಲ್ಲಿ ಪಾಯಸ ಮಾಡಿದರು. ಐದನೇ ದಿನ ಕೂತು ಲೆಕ್ಕ ಹಾಕಿದೆ. ಆ ರೀಲ್ ನೋಡಿ ಬಂದ ಆರ್ಡರ್ ಮೂರು. ಅದರಲ್ಲೊಂದು ಗುವಾಹಟಿಯಿಂದ, ಕಾಲು ಕೆಜಿ. ಕೊರಿಯರ್ ಖರ್ಚು ಪುಡಿಯ ಬೆಲೆಯ ಹತ್ತಿರ ಬಂತು.

ಅದೇ ವಾರ ವಾಟ್ಸಾಪ್‌ನಲ್ಲಿ ಒಂದು ಮಾತು ಹಾಕಿದ್ದೆ. "ಶನಿವಾರ ಬೆಳಿಗ್ಗೆ ಹುರೀತೀವಿ. ಹೊಸ ಪುಡಿ ಬೇಕಾದವರು ಶುಕ್ರವಾರ ಸಂಜೆಯೊಳಗೆ ಹೇಳಿ." ನನ್ನ ಹತ್ತಿರ ಇದ್ದ ನೂರೆಂಬತ್ತು ನಂಬರಿಗೆ ಹೋಯಿತು. ಶನಿವಾರ ಮಧ್ಯಾಹ್ನದೊಳಗೆ ಐವತ್ತೆರಡು ಕೆಜಿ ಖಾಲಿ.

ಹಾಗಂತ ಇನ್‌ಸ್ಟಾಗ್ರಾಂ ದಂಡ ಅಂತ ನಾನು ಹೇಳುವುದಿಲ್ಲ. ಹಾಸನದಲ್ಲಿ ನನ್ನ ಗೆಳೆಯನ ಹೆಂಡತಿ ಬ್ಲೌಸಿಗೆ ಆರಿ ವರ್ಕ್ ಮಾಡುತ್ತಾರೆ. ಅವರಿಗೆ ಅಂಗಡಿಯೇ ಇಲ್ಲ, ಬೋರ್ಡೂ ಇಲ್ಲ. ಮನೆಯ ಹಿಂದಿನ ಕೋಣೆ, ಎರಡು ಮಗ್ಗದ ಚೌಕಟ್ಟು, ಒಂದು ಇನ್‌ಸ್ಟಾ ಖಾತೆ. ಮದುವೆ ಸೀಸನ್ ಬಂದರೆ ಫೋನ್ ಎತ್ತಲೂ ಪುರಸೊತ್ತಿಲ್ಲ. ನನಗೆ ಕೈಕೊಟ್ಟಿದ್ದು ಅವರಿಗೆ ಅನ್ನ ಕೊಡುತ್ತಿದೆ. ಯಾಕೆ ಅನ್ನೋದು ಗೊತ್ತಾದರೆ ನಿಮ್ಮ ಅಂಗಡಿಗೆ ಯಾವುದು ಬೇಕು ಅನ್ನೋದೂ ಗೊತ್ತಾಗುತ್ತದೆ.

ಗಿರಾಕಿ ಹೇಗೆ ಬರ್ತಾರೆ ಅಂತ ಮೊದಲು ನೋಡಿ

ಒಂದು ವಾರ ಗಲ್ಲಾಪೆಟ್ಟಿಗೆ ಪಕ್ಕ ಒಂದು ನೋಟ್‌ಬುಕ್ ಇಡಿ. ಬಂದವರನ್ನೆಲ್ಲ "ನಮ್ಮ ಅಂಗಡಿ ಹೇಗೆ ಗೊತ್ತಾಯ್ತು?" ಅಂತ ಕೇಳಿ ಬರೆದುಕೊಳ್ಳಿ. ನಾನು ಹೀಗೆ ಮಾಡಿದಾಗ ಮುಕ್ಕಾಲು ಭಾಗ ಜನ ಹಳಬರೇ. ತಿಂಗಳಿಗೊಮ್ಮೆ ಬರುವವರು, ಅಥವಾ ಅವರು ಹೇಳಿ ಕಳಿಸಿದವರು. ಇಂಥವರಿಗೆ ನಾನು ಯಾರು ಅಂತ ಹೊಸದಾಗಿ ಹೇಳಬೇಕಿಲ್ಲ. ಪುಡಿ ಮುಗಿಯುವ ಹೊತ್ತಿಗೆ ನೆನಪು ಮಾಡಿದರೆ ಸಾಕು.

ಆರಿ ವರ್ಕ್ ಹಾಗಲ್ಲ. ಮದುಮಗಳು ಒಂದೇ ಸಲ ಮದುಮಗಳು. ಅವಳು ನೋಡಿ, ಆಸೆಪಟ್ಟು, ನಾಲ್ಕು ಕಡೆ ಹೋಲಿಸಿ ಬರುವವಳು. ಕಣ್ಣಿಗೆ ಬೀಳುವುದೇ ಇಲ್ಲಿ ಮುಖ್ಯ.

ಇನ್ನೊಂದು ಜಾತಿ ಇದೆ: ಆ ಕ್ಷಣಕ್ಕೆ ಬೇಕಾಗಿ ಹುಡುಕುವವರು. ಬೇಲೂರು ನೋಡಿ ವಾಪಸ್ ಬರುವಾಗ ಟೈರ್ ಪಂಕ್ಚರ್ ಆದವರು, ಹಾಸನಾಂಬೆ ದರ್ಶನಕ್ಕೆ ಬಂದು ರಾತ್ರಿ ಹತ್ತಕ್ಕೆ ರೂಮ್ ಹುಡುಕುವವರು. ಇವರು ನಿಮ್ಮ ರೀಲ್ ನೋಡುತ್ತಾ ಕೂರುವುದಿಲ್ಲ. ಫೋನ್ ತೆಗೆದು "ಹತ್ತಿರ" ಅಂತ ಟೈಪ್ ಮಾಡುತ್ತಾರೆ, ಮೇಲೆ ಬಂದ ಮೊದಲ ಮೂರಕ್ಕೆ ಫೋನ್ ಮಾಡುತ್ತಾರೆ.

ನಿಮ್ಮಲ್ಲಿ ಈ ಮೂವರಲ್ಲಿ ಯಾರು ಜಾಸ್ತಿ? ಅದು ಗೊತ್ತಿಲ್ಲದೆ ಪಕ್ಕದವನು ಮಾಡಿದ ಅಂತ ನೀವೂ ಮಾಡಿದರೆ ನನ್ನ ಹಾಗೆ ಗುವಾಹಟಿಗೆ ಕಾಲು ಕೆಜಿ ಕಳಿಸುತ್ತಾ ಇರುತ್ತೀರಿ.

ವಾಟ್ಸಾಪ್ ಬಿಸಿನೆಸ್ಸಾ, ಇನ್‌ಸ್ಟಾಗ್ರಾಂ ಆ?

ತಿಂಗಳ ದಿನಸಿ, ಕಾಫಿ ಪುಡಿ, ಹಾಲು, ಹೂವು, ಉಪ್ಪಿನಕಾಯಿ, ಬೇಕರಿ, ನರ್ಸರಿ ಗಿಡ. ಇಂಥ ವ್ಯಾಪಾರಕ್ಕೆ ನನ್ನ ಓಟು ವಾಟ್ಸಾಪ್‌ಗೆ. 2018ರಲ್ಲಿ ಬಂದ ಬಿಸಿನೆಸ್ ಆ್ಯಪ್ ಪುಕ್ಕಟೆ. ವಿಳಾಸ, ಸಮಯ, ಮಾಲಿನ ಪಟ್ಟಿಯನ್ನು ಫೋಟೋ ಬೆಲೆ ಸಮೇತ ಹಾಕಬಹುದು. ನಾನು ಜಾಸ್ತಿ ಬಳಸುವುದು ಲೇಬಲ್. "ದುಡ್ಡು ಬಾಕಿ", "ನಾಳೆ ಬಸ್ಸಿಗೆ ಹಾಕಬೇಕು", "80:20 ಗಿರಾಕಿ" ಅಂತ ಬಣ್ಣದ ಚೀಟಿ ಅಂಟಿಸಿದ ಹಾಗೆ. ಕಾಫಿ ಎಂಬತ್ತು, ಚಿಕೋರಿ ಇಪ್ಪತ್ತು ಕೇಳುವವರಿಗೆ ಅಪ್ಪಟ ಕಾಫಿಯ ಸಂದೇಶ ಹೋಗಬಾರದು ಅಲ್ವಾ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ 256 ಜನರ ಮಿತಿ ಇದೆ. ಅದಕ್ಕಿಂತ ದೊಡ್ಡ ಸಂಗತಿ, ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ನೀವು ಅವರ ನಂಬರ್ ಇಟ್ಟುಕೊಂಡರೆ ಸಾಲದು. ನಾನು ಮೊದಲ ಆರು ತಿಂಗಳು ಇದು ಗೊತ್ತಿಲ್ಲದೆ ಗಾಳಿಗೆ ಮಾತಾಡುತ್ತಿದ್ದೆ. ಈಗ ಹೀಗೆ ಮಾಡುತ್ತೇನೆ. ಅರ್ಧ ಕೆಜಿ ಪುಡಿ ಮಾಡಿ, ತೂಕ ಹಾಕಿ, ಸೀಲ್ ಮಾಡುವುದಕ್ಕೆ ಎರಡು ಮೂರು ನಿಮಿಷ ಬೇಕು. ಗಿರಾಕಿ ಹೇಗೂ ಸುಮ್ನೆ ನಿಂತಿರುತ್ತಾರೆ. ಆಗಲೇ ಹೇಳುತ್ತೇನೆ, "ಅಕ್ಕಾ, ಈ ನಂಬರ್ ಸೇವ್ ಮಾಡಿಕೊಂಡು ಒಂದು ಹಾಯ್ ಹಾಕಿ, ಹುರಿಯುವ ದಿನ ತಿಳಿಸ್ತೀನಿ." ಮಿಷನ್ ನಿಲ್ಲುವುದರೊಳಗೆ ಹಾಯ್ ಬಂದಿರುತ್ತದೆ. ಮನೆಗೆ ಹೋಗಿ ಮಾಡ್ತೀನಿ ಅಂದವರು ಮಾಡುವುದಿಲ್ಲ.

ಗ್ರೂಪ್ ಮಾಡಬೇಡಿ. ಗ್ರೂಪಿನಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ, ಹೆಣ್ಣುಮಕ್ಕಳಿಗೆ ಅದು ಇಷ್ಟವಾಗುವುದಿಲ್ಲ. ಒಬ್ಬರು ರಾಜಕೀಯದ ವಿಡಿಯೋ ಹಾಕಿದರೆ ಇಬ್ಬರು ಜಗಳಕ್ಕೆ ನಿಲ್ಲುತ್ತಾರೆ, ಹತ್ತು ಜನ ಹೊರಗೆ ಹೋಗುತ್ತಾರೆ. ದಿನಾ ಶುಭೋದಯದ ಚಿತ್ರವೂ ಬೇಡ. ನಾನು ತಿಂಗಳಿಗೆ ಎರಡು ಸಲಕ್ಕಿಂತ ಜಾಸ್ತಿ ಕಳಿಸುವುದಿಲ್ಲ. ಮಿಕ್ಕಿದ್ದಕ್ಕೆ ಸ್ಟೇಟಸ್ ಇದೆ. ನೋಡುವವರು ನೋಡಲಿ, 24 ಗಂಟೆಯಲ್ಲಿ ತಾನೇ ಅಳಿಸಿ ಹೋಗುತ್ತದೆ.

"ಒಂದೇ ಕ್ಲಿಕ್ಕಿಗೆ ಹತ್ತು ಸಾವಿರ ಜನರಿಗೆ" ಅಂತ ಸಾಫ್ಟ್‌ವೇರ್ ಮಾರಲು ಬರುತ್ತಾರೆ. ಒಬ್ಬ ಪರಿಚಯದವರು ತೆಗೆದುಕೊಂಡರು. ಮೂರನೇ ದಿನಕ್ಕೆ ನಂಬರ್ ಬ್ಯಾನ್ ಆಯಿತು. ಅದೇ ನಂಬರ್ ಅವರ ಅಂಗಡಿ ಬೋರ್ಡ್ ಮೇಲೆ, ಪ್ಯಾಕೆಟ್ ಮೇಲೆ, ಮಗಳ ಮದುವೆ ಕಾಗದದ ಮೇಲೆ ಕೂಡ ಇತ್ತು.

ಈಗ ಇನ್‌ಸ್ಟಾ. ಟಿಕ್‌ಟಾಕ್ ನಿಷೇಧವಾಗಿದ್ದು 2020ರ ಜೂನ್ ಕೊನೆಯಲ್ಲಿ. ಜುಲೈನಲ್ಲೇ ಇಲ್ಲಿ ರೀಲ್ಸ್ ಬಂತು. ಅಲ್ಲಿಂದ ಆಟವೇ ಬದಲಾಯಿತು. ನಿಮ್ಮನ್ನು ಫಾಲೋ ಮಾಡದವರಿಗೂ ರೀಲ್ ತೋರಿಸುತ್ತದೆ. ವರವೂ ಅದೇ, ಶಾಪವೂ ಅದೇ. ಎರಡು ಲಕ್ಷ ಜನ ನೋಡಬಹುದು, ಆದರೆ ಅವರು ಕಡೂರಿನವರೋ ಕಾನ್ಪುರದವರೋ ನಿಮ್ಮ ಕೈಯಲ್ಲಿಲ್ಲ.

ಹಾಸನದ ಆ ಅಕ್ಕ ಏನು ಮಾಡುತ್ತಾರೆ ಅಂತ ಗಮನಿಸಿದೆ. ಮುಖ ತೋರಿಸುವುದಿಲ್ಲ, ಕುಣಿಯುವುದಿಲ್ಲ. ಕ್ಯಾಮೆರಾ ಸೂಜಿಯ ಪಕ್ಕದಲ್ಲಿ. ತೋಳಿನ ಮೇಲೆ ನವಿಲಿನ ಕಣ್ಣು ತುಂಬುವುದು ಹತ್ತಿರದಿಂದ ಕಾಣುತ್ತದೆ. ಕೆಳಗೆ ಮೂರೇ ಸಾಲು: ಈ ಕೆಲಸಕ್ಕೆ ಇಷ್ಟು ರೂಪಾಯಿ, ಇಷ್ಟು ದಿನ ಬೇಕು, ಹಾಸನದಲ್ಲಿ ಅಳತೆ ಕೊಡಬೇಕು. ಆ ಮೂರನೇ ಸಾಲೇ ಜರಡಿ. ದೂರದವರು ಮೆಚ್ಚಿ ಹೋಗುತ್ತಾರೆ. ಹಾಸನ, ಅರಸೀಕೆರೆ, ಹೊಳೆನರಸೀಪುರದವರು ಸ್ಕ್ರೀನ್‌ಶಾಟ್ ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ. ಆಷಾಢದಲ್ಲಿ ಮದುವೆ ಇಲ್ಲ, ಕೆಲಸ ಕಡಿಮೆ. ಅವರು ಜಾಸ್ತಿ ಪೋಸ್ಟ್ ಮಾಡುವುದು ಆಗಲೇ. ಶ್ರಾವಣದ ಮದುವೆಗೆ ಬ್ಲೌಸ್ ಹುಡುಕುವುದು ಆಷಾಢದಲ್ಲೇ ಅಲ್ವಾ.

"ಬೆಲೆಗೆ ಡಿಎಂ ಮಾಡಿ", ಅಂದರೆ ಖಾಸಗಿಯಾಗಿ ಸಂದೇಶ ಹಾಕಿ, ಅಂತ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಂಗಡಿಗೆ ಹೋಗಿ ರೇಟ್ ಕೇಳಿದರೆ "ಒಳಗೆ ಬನ್ನಿ, ಕಿವಿಯಲ್ಲಿ ಹೇಳ್ತೀನಿ" ಅಂದ ಹಾಗೆ. ಬೆಲೆ ಬರೆಯಿರಿ. ಬದಲಾಗುವುದಾದರೆ "ಇಷ್ಟರಿಂದ ಶುರು" ಅಂತಾದರೂ ಬರೆಯಿರಿ.

ಹಾಡಿನ ವಿಷಯ ಒಂದು ಮಾತು. ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳು ಬಹುಮಟ್ಟಿಗೆ ಸಿಗುವುದಿಲ್ಲ. ವ್ಯಾಪಾರಕ್ಕೆ ಹಾಡು ಬಳಸಲು ಹಕ್ಕು ಬೇರೆಯೇ ಬೇಕು. ನಿಮ್ಮ ಅಂಗಡಿಯ ಸದ್ದೇ ಹಾಕಿ. ಬೀಜ ಸಿಡಿಯುವ ಸದ್ದಿಗಿಂತ ಒಳ್ಳೆ ಹಾಡು ನನಗಂತೂ ಸಿಕ್ಕಿಲ್ಲ.

ಹೋಂಸ್ಟೇಗೆ ಮ್ಯಾಪೇ ದೇವರು

ನಮ್ಮತ್ತೆ ಮಗನದು ಮೂಡಿಗೆರೆ ಕಡೆ ಒಂದು ಸಣ್ಣ ಹೋಂಸ್ಟೇ. ಅವನು ಎರಡು ವರ್ಷ ಇನ್‌ಸ್ಟಾ ಮಾತ್ರ ನೆಚ್ಚಿಕೊಂಡಿದ್ದ. ಡ್ರೋನ್ ಶಾಟ್, ಮಂಜು, ಬೆಂಕಿ ಹಾಕಿ ಕೂತ ಜನ. ಫಾಲೋವರ್ಸ್ ಬೆಳೆದರು, ರೂಮ್ ತುಂಬಲಿಲ್ಲ. ಬೆಂಗಳೂರಿನವರು ರೀಲ್ ನೋಡಿ ಆಸೆಪಡುತ್ತಾರೆ ನಿಜ. ಆದರೆ ದುಡ್ಡು ಕಳಿಸುವ ಮೊದಲು ಗೂಗಲ್‌ನಲ್ಲಿ ಹೆಸರು ಹಾಕಿ ರಿವ್ಯೂ ಓದುತ್ತಾರೆ. ಅಲ್ಲಿ ಇವನದು ಎಂಟು ರಿವ್ಯೂ, ಹಳೇ ಫೋಟೋ, ಹಳೇ ಫೋನ್ ನಂಬರ್. ಇನ್ನೂ ಕೆಟ್ಟದ್ದು ಏನಂದರೆ, ಮ್ಯಾಪ್‌ನಲ್ಲಿ ಜಾಗ ತೋರಿಸುವ ಪಿನ್ ಎರಡು ಕಿಲೋಮೀಟರ್ ಆಚೆ, ಬೇರೆಯವರ ತೋಟದ ಗೇಟಿನ ಮುಂದೆ! ರಾತ್ರಿ ಹೊತ್ತು ಜನ ಅಲ್ಲಿ ಹೋಗಿ ಹಾರ್ನ್ ಹೊಡೆಯುವುದು, ನಾಯಿ ಬೊಗಳುವುದು. ಆ ತಿರುವಿನಲ್ಲಿ ಸಿಗ್ನಲ್ ಕೂಡ ಇಲ್ಲ.

ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೂ ದುಡ್ಡಿಲ್ಲ. 2021ರವರೆಗೆ ಗೂಗಲ್ ಮೈ ಬಿಸಿನೆಸ್ ಅಂತ ಇದ್ದದ್ದೇ ಇದು. ನಿಮ್ಮದೇ ಅಂತ ದೃಢಪಡಿಸಲು ಈಗ ಹಲವರಿಗೆ ವಿಡಿಯೋ ಕೇಳುತ್ತಾರೆ: ರಸ್ತೆ, ಬೋರ್ಡ್, ಒಳಗಿನ ಜಾಗ ತೋರಿಸಬೇಕು. ಅರ್ಧ ದಿನದ ಕೆಲಸ. ಅವನು ಪಿನ್ ಸರಿಮಾಡಿದ, ಹೊಸ ಫೋಟೋ ಹಾಕಿದ. ಬಾತ್‌ರೂಮ್ ಫೋಟೋ ಕೂಡ, ಜನ ಮೊದಲು ನೋಡುವುದು ಅದನ್ನೇ. ಬುಕ್ ಮಾಡಿದವರಿಗೆ ಈಗ ವಾಟ್ಸಾಪ್‌ನಲ್ಲಿ ದಾರಿ ಬರೆದು ಕಳಿಸುತ್ತಾನೆ. ಹ್ಯಾಂಡ್‌ಪೋಸ್ಟ್ ಸರ್ಕಲ್‌ನಿಂದ ಎಷ್ಟು ದೂರ, ಎಲ್ಲಿ ಸಿಗ್ನಲ್ ಹೋಗುತ್ತದೆ, ಅದಕ್ಕೂ ಮುಂಚೆ ಎಲ್ಲಿ ನಿಂತು ಫೋನ್ ಮಾಡಬೇಕು ಅಂತ.

ರಿವ್ಯೂ ವಿಷಯದಲ್ಲಿ ಅವನು ಮಾಡಿಕೊಂಡ ಎಡವಟ್ಟು ಕೇಳಿ. ಯಾರೋ "ಬಿಸಿನೀರು ಬರಲಿಲ್ಲ" ಅಂತ ಎರಡು ಸ್ಟಾರ್ ಕೊಟ್ಟರು. ಇವನು ಸಿಟ್ಟಿನಲ್ಲಿ ಉತ್ತರಿಸಿದ: "ರಾತ್ರಿ ಎರಡು ಗಂಟೆವರೆಗೂ ಕುಡಿದು ಕೂಗಾಡಿದ್ದು ನೀವೇ ತಾನೆ?" ನಿಜವೇ ಇರಬಹುದು. ಆದರೆ ಅದನ್ನು ಓದುವುದು ಆ ಒಬ್ಬ ಅಲ್ಲ, ಮುಂದೆ ಬುಕ್ ಮಾಡಬೇಕು ಅಂತಿರುವ ನೂರು ಜನ. ಅವರಿಗೆ ಕಂಡದ್ದು ಜಗಳಗಂಟ ಮಾಲೀಕ. ನಾವಿಬ್ಬರೂ ಕೂತು ತಿದ್ದಿದೆವು: "ಆವತ್ತು ಕರೆಂಟ್ ಹೋಗಿ ಗೀಸರ್ ನಿಂತಿತ್ತು, ತಪ್ಪಾಯಿತು. ಈಗ ಸೌದೆ ಹಂಡೆಯೂ ಇದೆ." ಹಂಡೆ ಮೊದಲೇ ಇತ್ತು, ಅದನ್ನು ಅತಿಥಿಗಳಿಗೆ ಕೊಡಬಹುದು ಅಂತ ಅವನಿಗೆ ಹೊಳೆದಿರಲಿಲ್ಲ. ಇವತ್ತು ರಿವ್ಯೂಗಳಲ್ಲಿ ಜನ ಹೊಗಳುವುದೇ ಆ ಹಂಡೆ ನೀರನ್ನು. ದುಡ್ಡು ಕೊಟ್ಟು ರಿವ್ಯೂ ಬರೆಸುವುದು ಮಾತ್ರ ಬೇಡ. ಗೂಗಲ್ ನಿಯಮದ ಪ್ರಕಾರ ತಪ್ಪು, ಒಂದೇ ದಿನ ಇಪ್ಪತ್ತು ಐದು-ಸ್ಟಾರ್ ಬಂದರೆ ಓದುವವರಿಗೂ ವಾಸನೆ ಹತ್ತುತ್ತದೆ.

ಇನ್‌ಸ್ಟಾ ಅವನು ಬಿಟ್ಟಿಲ್ಲ. ಆದರೆ ಹಾಕುವುದು ಬದಲಾಗಿದೆ. ಮಳೆಗಾಲದಲ್ಲಿ ಬಂದವರು ಇಂಬಳ ಕಂಡು ಕಿರುಚಿ, ಬೆಳಿಗ್ಗೆಯೇ ರೂಮ್ ಖಾಲಿ ಮಾಡುತ್ತಿದ್ದರು. ಹೋದ ಜುಲೈನಲ್ಲಿ ಒಂದು ರೀಲ್ ಮಾಡಿದ: ತನ್ನ ಕಾಲಿಗೆ ಹತ್ತಿದ ಇಂಬಳ, ಅದರ ಮೇಲೆ ಉಪ್ಪು, ಅದು ಉದುರುವುದು. "ಜೂನ್‌ನಿಂದ ಸೆಪ್ಟೆಂಬರ್ ಬಂದರೆ ಇದು ಗ್ಯಾರಂಟಿ. ಹೆದರುವವರು ಡಿಸೆಂಬರ್‌ನಲ್ಲಿ ಬನ್ನಿ." ಮನೆಯಲ್ಲಿ ಎಲ್ಲರೂ ಬೈದರು. ಆದರೆ ಆ ಮಳೆಗಾಲದಲ್ಲಿ ಒಬ್ಬರೂ ಅರ್ಧಕ್ಕೆ ಎದ್ದು ಹೋಗಲಿಲ್ಲ. ಗೊತ್ತಿದ್ದೇ ಬಂದಿದ್ದರು, ಮಕ್ಕಳು ಉಪ್ಪಿನ ಪೊಟ್ಟಣ ಹಿಡಿದುಕೊಂಡೇ ಓಡಾಡಿದರು.

ಫೇಸ್‌ಬುಕ್, ಯೂಟ್ಯೂಬ್

ಫೇಸ್‌ಬುಕ್ ಪೇಜ್ ಇದ್ದರೆ ಇರಲಿ, ಹೊಸದಾಗಿ ಕಷ್ಟಪಡಬೇಡಿ. 2018ರಲ್ಲಿ ಗೆಳೆಯರು, ಮನೆಯವರ ಪೋಸ್ಟಿಗೆ ಆದ್ಯತೆ ಕೊಡುತ್ತೇವೆ ಅಂತ ಅವರೇ ಹೇಳಿದ ಮೇಲೆ ಅಂಗಡಿ ಪೇಜ್‌ಗಳು ದುಡ್ಡು ಹಾಕದೆ ಕಾಣುವುದು ಕಡಿಮೆಯಾಗಿದೆ. ಊರಿನ ಗುಂಪುಗಳಲ್ಲಿ ಮಾತ್ರ ಇನ್ನೂ ಜೀವ ಇದೆ. ಸೈಟ್, ಹಳೇ ಬೈಕ್, ಹಸು ಮಾರುವವರಿಗೆ ಅದು ಒಳ್ಳೆಯದು.

ಯೂಟ್ಯೂಬ್ ಎಲ್ಲರಿಗೂ ಅಲ್ಲ, ಆದರೆ ಕೆಲವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಸಕಲೇಶಪುರದಲ್ಲಿ ವೀಡ್ ಕಟರ್ ಮಾರಿ ರಿಪೇರಿ ಮಾಡುವ ಒಬ್ಬರನ್ನು ಬಲ್ಲೆ. ಕಾರ್ಬೊರೇಟರ್ ತೊಳೆಯುವುದು ಹೇಗೆ, ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು ಅಂತ ಅಪ್ಪಟ ಸಕಲೇಶಪುರದ ಮಾತಿನಲ್ಲಿ ವಿಡಿಯೋ ಮಾಡಿದರು. ರೀಲ್ ನಾಲ್ಕು ದಿನಕ್ಕೆ ಸಾಯುತ್ತದೆ. ಇದು ಮೂರು ವರ್ಷದ ಹಳೇ ವಿಡಿಯೋ, ಪ್ರತಿ ಕಳೆ ಸೀಸನ್‌ಗೂ ಬೆಳೆಗಾರರು ಹುಡುಕಿ ನೋಡುತ್ತಾರೆ. ತಾವೇ ಬಿಚ್ಚಿ, ಜೋಡಿಸಲು ಬಾರದೆ, ಗೋಣಿಚೀಲದಲ್ಲಿ ಹಾಕಿಕೊಂಡು ಅವರ ಅಂಗಡಿಗೇ ತರುತ್ತಾರೆ.

ದುಡ್ಡು ಹಾಕುವುದಾದರೆ: ಬೂಸ್ಟಾ, ಇನ್‌ಫ್ಲುಯೆನ್ಸರ್ ಆ?

ದುಡ್ಡು ಕೊಟ್ಟು ಪೋಸ್ಟನ್ನು ಜಾಸ್ತಿ ಜನರಿಗೆ ತೋರಿಸುವ ಬೂಸ್ಟ್ ಬಟನ್ ಒತ್ತುವುದು ಬಹಳ ಸುಲಭ, ಅದೇ ತೊಂದರೆ. ನಾನು ಮೊದಲ ಸಲ ಒತ್ತಿದಾಗ ಜಾಗ "ಭಾರತ" ಅಂತ ಬಿಟ್ಟಿದ್ದೆ. ಎರಡು ಸಾವಿರ ರೂಪಾಯಿ ದೇಶಸೇವೆಗೆ ಹೋಯಿತು. ಎರಡನೇ ಸಲ ಚಿಕ್ಕಮಗಳೂರಿನ ಸುತ್ತ ಹಾಕಿದೆ. ಅದೂ ತಪ್ಪೇ. ಇಲ್ಲಿನವರಿಗೆ ಅವರವರ ಪುಡಿ ಅಂಗಡಿ ಇದೆ, ಅಜ್ಜನ ಕಾಲದಿಂದ. ಮೂರನೇ ಸಲ ಬುದ್ಧಿ ಬಂತು. ಊರು ಬಿಟ್ಟು ಬೆಂಗಳೂರು ಸೇರಿದವರಿಗೆ ನಮ್ಮ ಪುಡಿ ಬೇಕು, 245 ಕಿಲೋಮೀಟರ್ ದೂರದವರಿಗೆ. ಅಲ್ಲಿಗೆ ಹಾಕಿ, ಒತ್ತಿದರೆ ನೇರ ವಾಟ್ಸಾಪ್ ತೆರೆಯುವ ಹಾಗೆ ಮಾಡಿದೆ. ಆಗ ಬಂದವರಲ್ಲಿ ಹನ್ನೊಂದು ಜನ ಇವತ್ತಿಗೂ ತಿಂಗಳ ಗಿರಾಕಿಗಳು. ಜಾಹೀರಾತಿನ ಬಿಲ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ ಇದೆ, ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ದಿನ ಕೂಡ ನೋಡಿ ಹಾಕಬೇಕು. ಡಿಸೆಂಬರ್‌ನಲ್ಲಿ ದತ್ತ ಜಯಂತಿ ಹೊತ್ತಿಗೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಗೆ ಪ್ರವಾಸಿಗರನ್ನು ಬಿಡುವುದಿಲ್ಲ. ನಮ್ಮತ್ತೆ ಮಗ ಸರಿಯಾಗಿ ಅದೇ ವಾರ "ಗಿರಿಗೆ ಬನ್ನಿ" ಅಂತ ದುಡ್ಡು ಹಾಕಿದ್ದ. ಬಂದ ಫೋನೆಲ್ಲ ಬೈಗುಳ.

ಇನ್‌ಫ್ಲುಯೆನ್ಸರ್ ವಿಷಯದಲ್ಲಿ ನನಗೆ ಸ್ವಲ್ಪ ಪೂರ್ವಗ್ರಹ ಇದೆ, ಒಪ್ಪಿಕೊಳ್ಳುತ್ತೇನೆ. ಎರಡು ದಿನ ಪುಕ್ಕಟೆ ಇದ್ದು, ಆರು ಜನ ಊಟ ಮಾಡಿ, ಮೂವತ್ತು ಸೆಕೆಂಡಿನ ವಿಡಿಯೋ ಹಾಕಿ ಹೋದವರನ್ನು ಕಂಡಿದ್ದೇನೆ. ಕರೆಯುವುದಾದರೆ ಫಾಲೋವರ್ಸ್ ಸಂಖ್ಯೆ ನೋಡಬೇಡಿ, ಕಾಮೆಂಟ್ ಓದಿ. "ಸೂಪರ್ ಅಣ್ಣ" ಅಂತಷ್ಟೇ ಇದ್ದರೆ ಬಿಡಿ. "ಮಕ್ಕಳ ಜೊತೆ ಹೋಗಬಹುದಾ, ರೇಟ್ ಎಷ್ಟು" ಅಂತ ಕೇಳುತ್ತಿದ್ದರೆ ಮಾತಾಡಿ. ಹಾಸನದ ಸೀರೆ ಅಂಗಡಿಗೆ ಹಾಸನದ ಐದು ಸಾವಿರ ಫಾಲೋವರ್ಸ್ ಇರುವ ಹುಡುಗಿಯೇ ಸರಿ.

ಕಾನೂನೂ ಇದೆ. ದುಡ್ಡು ಪಡೆದು, ಅಥವಾ ಪುಕ್ಕಟೆ ವಾಸ ಪಡೆದು ಹೊಗಳಿದರೆ ಅದು ಜಾಹೀರಾತು ಅಂತ ಕಾಣುವ ಹಾಗೆ ಹೇಳಬೇಕು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದಕ್ಕೆ ಮಾರ್ಗಸೂಚಿ ತಂದಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ. ನಮ್ಮ ಪುಡಿ ವ್ಯಾಪಾರದಲ್ಲಿ ಇದು ಸುಲಭವಾಗಿ ಆಗುವ ತಪ್ಪು. ಪ್ಯಾಕೆಟ್ ಮೇಲೆ ಕಾಫಿ, ಚಿಕೋರಿ ಎಷ್ಟೆಷ್ಟು ಅಂತ ಇರಲೇಬೇಕು, ಕಾಫಿ 51 ಪರ್ಸೆಂಟಿಗಿಂತ ಕಡಿಮೆ ಇರುವ ಹಾಗಿಲ್ಲ. ಪ್ಯಾಕೆಟ್ ಮೇಲೆ 70:30 ಅಂತ ಅಚ್ಚು ಹಾಕಿ, ರೀಲ್‌ನಲ್ಲಿ "ಅಪ್ಪಟ ತೋಟದ ಕಾಫಿ" ಅಂದರೆ ನೀವೇ ಸಾಕ್ಷಿ ಕೊಟ್ಟ ಹಾಗೆ. "ಚಿಕ್ಕಮಗಳೂರು ಅರೇಬಿಕಾ" ಹೆಸರಿಗೆ 2019ರಲ್ಲಿ ಜಿಐ, ಅಂದರೆ ಆ ಸೀಮೆಯದೇ ಮಾಲು ಅನ್ನುವ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆ ಕಡೆಯ ಬೀಜಕ್ಕೆ ಆ ಹೆಸರು ಹಾಕಿಕೊಳ್ಳುವ ಹಾಗಿಲ್ಲ.

ನೀವೇ ಮಾಡ್ತೀರಾ, ಏಜೆನ್ಸಿಗೆ ಕೊಡ್ತೀರಾ?

ತಿಂಗಳಿಗೆ ಎಂಟು ಸಾವಿರ ಕೊಟ್ಟು ನಾನು ಒಂದು ಏಜೆನ್ಸಿ ಇಟ್ಟುಕೊಂಡಿದ್ದೆ. ತಿಂಗಳಿಗೆ ಹನ್ನೆರಡು ಪೋಸ್ಟ್, ಎಲ್ಲ ಚೆಂದ. ಒಂದರಲ್ಲಿ ಕಾಫಿ ಹಣ್ಣಿನ ಫೋಟೋ ಅಂತ ಚೆರ್ರಿ ಹಣ್ಣು ಹಾಕಿದ್ದರು, ತಿನ್ನುವ ಚೆರ್ರಿ! ಕೆಳಗೆ ಬೆಳೆಗಾರರೊಬ್ಬರು "ಈ ತಳಿ ಯಾವುದಪ್ಪಾ, ನಮಗೂ ಒಂದು ಗಿಡ ಕೊಡು" ಅಂತ ಬರೆದಿದ್ದರು. ಅವರದು ಪೂರ್ತಿ ತಪ್ಪಲ್ಲ. ಅವರು ಚಿಕ್ಕಮಗಳೂರಿಗೆ ಬಂದೇ ಇರಲಿಲ್ಲ, ನಾನೂ ಕರೆದಿರಲಿಲ್ಲ.

ವಿಡಿಯೋ ತೆಗೆಯುವುದು, ಉತ್ತರ ಕೊಡುವುದು ಅಂಗಡಿಯಲ್ಲೇ ಆಗಬೇಕು. ಗಿರಾಕಿ ರಾತ್ರಿ ಎಂಟಕ್ಕೆ "ಸ್ಟಾಕ್ ಇದೆಯಾ" ಅಂದರೆ ಏಜೆನ್ಸಿ ಹುಡುಗನಿಗೆ ಏನು ಗೊತ್ತು? ಜಾಹೀರಾತಿಗೆ ದುಡ್ಡು ಹಾಕುವ ತಾಂತ್ರಿಕ ಕೆಲಸ, ಹಬ್ಬದ ಡಿಸೈನ್ ಬೇಕಾದರೆ ಹೊರಗೆ ಕೊಡಿ. ದಿನಕ್ಕೆ ಇಪ್ಪತ್ತು ನಿಮಿಷವೂ ಆಗದು ಅನ್ನುವವರು ಇನ್‌ಸ್ಟಾಗೆ ಕೈ ಹಾಕದಿರುವುದೇ ಒಳ್ಳೆಯದು. ಮ್ಯಾಪ್ ಸರಿ ಮಾಡಿ, ವಾಟ್ಸಾಪ್ ಇಟ್ಟುಕೊಳ್ಳಿ, ಸಾಕು. ಎಂಟು ತಿಂಗಳ ಹಿಂದೆ ನಿಂತ ಪೇಜ್ ನೋಡಿದರೆ ಅಂಗಡಿಯೇ ಮುಚ್ಚಿದೆ ಅಂದುಕೊಳ್ಳುತ್ತಾರೆ.

ಯಾರಿಗೆ ಕೊಟ್ಟರೂ ಖಾತೆ ನಿಮ್ಮ ಇಮೇಲ್, ನಿಮ್ಮ ನಂಬರಿನಲ್ಲೇ ತೆರೆಸಿ. ನಮ್ಮತ್ತೆ ಮಗನ ಮ್ಯಾಪ್ ಖಾತೆಯನ್ನು ಕಾಲೇಜು ಹುಡುಗನೊಬ್ಬ ತನ್ನ ಜಿಮೇಲ್‌ನಲ್ಲಿ ಮಾಡಿಕೊಟ್ಟಿದ್ದ. ಹುಡುಗ ಕೆಲಸ ಸಿಕ್ಕಿ ಪುಣೆಗೆ ಹೋದ, ಪಾಸ್‌ವರ್ಡ್ ಮರೆತ. ಪಿನ್ ಎರಡು ವರ್ಷ ಬೇರೆಯವರ ಗೇಟಿನ ಮುಂದೆಯೇ ನಿಂತಿದ್ದು ಅದಕ್ಕೇ.